ಹತ್ತು ಅಡಿ ಕೋಣೇಲಿ ಸಕಲೇಶಪುರ ಘಾಟ್: ಮಾದರಿ ರೈಲಿಗೆ ಜಾಗ ಹೊಂದಿಸೋದು ಹೇಗೆ?

ಬಾಳ್ಳುಪೇಟೆ ಮೊಮ್ಮಗ (ಹಾಸನ)

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಬಾಡಿಗೆ ಮನೇಲಿದೀವಿ. ಮನೇಲೊಂದು ಮಾದರಿ ರೈಲು ಕಟ್ಟಬೇಕು ಅನ್ನೋದು ಚಿಕ್ಕಂದಿನ ಆಸೆ. ಜಾಗ ಅಂತ ಸಿಕ್ಕಿರೋದು ಮಲಗೋ ಕೋಣೆ ಒಂದೇ.

ಅಜ್ಜಿ ಮನೆ ಸಕಲೇಶಪುರದ ಹತ್ರದ ಬಾಳ್ಳುಪೇಟೆ. ರಜೆಗೆ ಹೋದಾಗೆಲ್ಲ ಸ್ಟೇಷನ್ ಹತ್ರಾನೇ ಇರ್ತಿದ್ದೆ. 1996ರಲ್ಲಿ ಗೇಜ್ ಬದಲಾವಣೆಗೆ, ಅಂದ್ರೆ ಹಳಿ ಅಗಲ ಮಾಡೋಕೆ ಅಂತ ಒಂದು ಮೀಟರ್ ಅಗಲದ ಹಳಿಯ ಮೀಟರ್ ಗೇಜ್ ಗಾಡಿ ನಿಂತಾಗ ನನಗೆ ಎಂಟು ವರ್ಷ. ಮತ್ತೆ ಪ್ಯಾಸೆಂಜರ್ ಗಾಡಿ ಬಂದಿದ್ದು 2007ರ ಡಿಸೆಂಬರಲ್ಲಿ, ಅಷ್ಟು ಹೊತ್ತಿಗೆ ಕಾಲೇಜಲ್ಲಿದ್ದೆ. ನಡುವಿನ ಹನ್ನೊಂದು ವರ್ಷ ಪ್ಯಾಸೆಂಜರ್ ಗಾಡಿ ಇಲ್ಲದೇ ಇದ್ದಿದ್ದು ಇವತ್ತಿಗೂ ಮನಸ್ಸಲ್ಲಿದೆ. ಅದಕ್ಕೇ ಕಟ್ಟೋದಾದ್ರೆ ಘಾಟನ್ನೇ ಕಟ್ಟಬೇಕು.

ಕೋಣೆ ಪೂರ್ವ-ಪಶ್ಚಿಮ 10 ಅಡಿ, ಉತ್ತರ-ದಕ್ಷಿಣ 11 ಅಡಿ. ಮಂಚದ ತಲೆಕಡೆ ದಕ್ಷಿಣದ ಗೋಡೆಗೆ, ಒಂದು ಮಗ್ಗುಲು ಪಶ್ಚಿಮದ ಕಿಟಕಿ ಗೋಡೆಗೆ ತಾಗಿದೆ, 5 ಅಡಿ ಅಗಲ ಹಿಡಿಯುತ್ತೆ. ಉತ್ತರಕ್ಕೆ ಬೀರು. ಬಾಗಿಲು ಪೂರ್ವದ ಗೋಡೆಯ ಉತ್ತರದ ತುದೀಲಿ, ಒಳಕ್ಕೆ ತೆರೆಯುತ್ತೆ. ಮಂಚಕ್ಕೂ ಪೂರ್ವದ ಗೋಡೆಗೂ ನಡುವೆ 5 ಅಡಿ ಖಾಲಿ. ಓಡಾಡೋದು ಅಲ್ಲೇ.

ಚಿಕ್ಕಪ್ಪ ಹಿಂದೊಮ್ಮೆ ಜರ್ಮನಿಯಿಂದ ತಂದುಕೊಟ್ಟ ಎಚ್‌ಒ ಅಳತೆಯ (ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು) ಸೆಟ್ ಇದೆ. ಒಂದು ಸಣ್ಣ ಇಂಜಿನ್, ಮೂರು ವ್ಯಾಗನ್, 360 ಮಿ.ಮೀ. ತ್ರಿಜ್ಯದ ಒಂದು ಸುತ್ತು ಹಳಿ. ನನ್ನ ಯೋಚನೆ ಹೀಗಿದೆ: 6 ಅಡಿ 4 ಅಡಿ ಪ್ಲೈವುಡ್ ಹಲಗೇನ ಪೂರ್ವದ ಗೋಡೆಗೆ ಕೀಲು ಹಾಕಿ ನಿಲ್ಲಿಸೋದು, ಬೇಕಾದಾಗ ಕೆಳಗಿಳಿಸೋದು. ಅದರ ಮೇಲೆ ಎರಡು ಸುತ್ತು, ಒಂದು ಕೆಳಗೆ ಒಂದು ಮೇಲೆ, ನಡುವೆ ಬೆಟ್ಟ, ನಾಲ್ಕೈದು ಸುರಂಗ.

ಮನೆಯವಳದು ಎರಡೇ ಷರತ್ತು. ಮಂಚ ಅಲ್ಲಾಡಬಾರದು, ನೆಲದ ಮೇಲೆ ಕಾಲು ನೆಡಬಾರದು. ಮಗಳಿಗೆ ಏಳು ವರ್ಷ, ಅವಳ ಷರತ್ತು ಗಾಡಿ ಸುರಂಗದೊಳಗೆ ಹೋಗಿ ಆಚೆ ಬರಬೇಕು ಅನ್ನೋದು. ಈ ವರ್ಷಕ್ಕೆ ಇಪ್ಪತ್ತೈದು ಸಾವಿರದವರೆಗೂ ಹಾಕಬಹುದು. ಸರಿ ಹೋಗುತ್ತಾ ಹೇಳಿ.

ಕಡೂರು ಲೈನ್ (ಚಿಕ್ಕಮಗಳೂರು)

6 ಅಡಿ 4 ಅಡಿ ಹಲಗೆ ಬೇಡ. ದಯವಿಟ್ಟು ಬೇಡ. ನಾನು ಅದನ್ನೇ ಕಟ್ಟಿ, ಮೂರು ವರ್ಷ ಇಟ್ಟುಕೊಂಡು, ಕೊನೆಗೆ ಬಿಚ್ಚಿದವನು.

ನಮ್ಮೂರಿಗೆ ರೈಲು ಬಂದಿದ್ದೇ 2013ರ ನವೆಂಬರಲ್ಲಿ, ಕಡೂರಿಂದ 46 ಕಿಲೋಮೀಟರ್. ಆ ಹುಮ್ಮಸ್ಸಲ್ಲಿ ಮುಂದಿನ ವರ್ಷ ನಾನೂ ಶುರು ಮಾಡಿದೆ. ಹಲಗೆಯ ಎರಡು ಬದಿ ಗೋಡೆಗೆ ತಾಗಿತ್ತು. ಕೈ ಚಾಚಿದ್ರೆ ಎರಡೂವರೆ ಅಡಿ ಮುಟ್ಟುತ್ತೆ, ಅದರಾಚೆ ಮುಟ್ಟಲ್ಲ. ಗಾಡಿ ಹಳಿ ತಪ್ಪೋದು ಯಾವಾಗಲೂ ಆ ಮುಟ್ಟದ ಮೂಲೇಲೇ, ಯಾಕಂದ್ರೆ ತಿರುವಿರೋದು, ಜೋಡಣೆ ಸಡಿಲಾಗೋದು, ಧೂಳು ಒರೆಸದೆ ಉಳಿಯೋದು ಎಲ್ಲ ಅಲ್ಲೇ. ಪ್ರತಿ ಸಲ ಬಗ್ಗಿದಾಗಲೂ ಮೊಣಕೈಗೆ ಸಿಕ್ಕಿ ಮುಂದಿನ ಸಾಲಿನ ಮರಗಳು ಮುರಿಯೋವು. ಮೂರನೇ ಮಳೆಗಾಲಕ್ಕೆ ಹಲಗೆ ಉಬ್ಬಿತು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿದ್ದೆ. ಅಂಚಿನಲ್ಲಿ ಬಿಸ್ಕತ್ತು ಟೀಯಲ್ಲಿ ಅದ್ದಿದ ಹಾಗೆ ಪದರ ಪದರ ಬಿಟ್ಟುಕೊಂಡಿತ್ತು. ಚಿಕ್ಕಮಗಳೂರು, ಸಕಲೇಶಪುರದ ಮಳೆಗೆ ಎಂಡಿಎಫ್ ಆಗೋದೇ ಇಲ್ಲ.

ಇನ್ನು ಮಡಚೋ ಹಲಗೆ. ಗೋಡೆಗೆ ಎತ್ತಿ ನಿಲ್ಲಿಸಬೇಕಾದ್ರೆ ಪ್ರತಿ ಸಲ ಇಂಜಿನ್, ಬೋಗಿ ಎಲ್ಲ ತೆಗೆದು ಡಬ್ಬಿಗೆ ಹಾಕಬೇಕು. ಬೆಟ್ಟ ಎತ್ತರ ಮಾಡೋ ಹಾಗಿಲ್ಲ, ಗೋಡೆಗೆ ತಾಗುತ್ತೆ. ರಾತ್ರಿ ಊಟ ಆದಮೇಲೆ ಹತ್ತು ನಿಮಿಷ ಗಾಡಿ ಓಡಿಸಬೇಕು ಅನ್ನಿಸಿದಾಗ ಇಳಿಸೋಕೇ ಹತ್ತು ನಿಮಿಷ ಬೇಕು. ಒಂದೆರಡು ತಿಂಗಳಾದ ಮೇಲೆ ಇಳಿಸೋದೇ ನಿಂತುಹೋಗುತ್ತೆ.

ನಿಮ್ಮ ಕೋಣೇಲಿ ಖಾಲಿ ಇರೋದು ನೆಲ ಅಲ್ಲ, ಗೋಡೆ. ಅಲ್ಲಿಂದ ಯೋಚನೆ ಮಾಡಿ.

ಬಾಳ್ಳುಪೇಟೆ ಮೊಮ್ಮಗ

ಬೇಜಾರೇ ಆಯ್ತು ಅಣ್ಣ, ಆದ್ರೆ ನೀವು ಹೇಳಿದ್ದು ಮನಸ್ಸಿಗೆ ಬಂತು. ಗೋಡೆ ಮೇಲೆ ಅಂದ್ರೆ ಒಂದಡಿ ಅಗಲದ ಶೆಲ್ಫ್ ಅಲ್ವಾ? ಒಂದಡೀಲಿ ಘಾಟ್ ಹೇಗೆ ಬರುತ್ತೆ? ಸುತ್ತು ಹಾಕಿ ಮೇಲೆ ಹತ್ತೋಕೇ ಜಾಗ ಇರಲ್ಲ.

ವೈಡಿಎಂ4 (ಹಾಸನ)

ಮೇಲೆ ಹತ್ತೋದನ್ನ ಬಿಡಿ. ಅಲ್ಲೇ ನೀವು ದಾರಿ ತಪ್ಪಿರೋದು.

ನಾನು ನಿವೃತ್ತ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಮೀಟರ್ ಗೇಜ್ ಗಾಡೀಲಿ ಆ ಘಾಟ್ ಇಳಿದು ಹತ್ತಿದ್ದಕ್ಕೆ ಲೆಕ್ಕ ಇಟ್ಟಿಲ್ಲ. 1979ರಲ್ಲಿ ಲೈನ್ ಶುರುವಾಯ್ತು, ಗಾಡಿ ಎಳೀತಿದ್ದಿದ್ದು ವೈಡಿಎಂ-4 ಡೀಸೆಲ್ ಇಂಜಿನ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಏರು 50ಕ್ಕೆ 1. ಅಂದ್ರೆ ಐವತ್ತು ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ. ಕಿಟಕಿ ಪಕ್ಕ ಕೂತವನಿಗೆ ಈ ಏರು ಕಣ್ಣಿಗೆ ಕಾಣೋದೇ ಇಲ್ಲ, ಇಂಜಿನ್ ಸದ್ದಲ್ಲಿ ಕಿವಿಗೆ ಕೇಳುತ್ತೆ ಅಷ್ಟೆ. ಕಣ್ಣಿಗೆ ಕಾಣೋದು ಏನು? ಕಣಿವೆ. ಸುರಂಗದ ಕತ್ತಲು ಮುಗಿದು ಬೆಳಕಾಯ್ತು ಅನ್ನೋಷ್ಟರಲ್ಲಿ ಕಾಲ ಕೆಳಗೆ ನೆಲವೇ ಇಲ್ಲ, ಆಳದಲ್ಲೆಲ್ಲೋ ಬಂಡೆ ಮೇಲೆ ನೀರು. ಅದನ್ನ ಪೂರ್ತಿ ನೋಡೋಕೆ ಮುಂಚೆ ಮತ್ತೆ ಕತ್ತಲು. ಘಾಟ್ ಅಂದ್ರೆ ಇದು.

ಈಗ ನಿಮ್ಮ ಎರಡು ಸುತ್ತಿನ ಲೆಕ್ಕ ನೋಡಿ. ಎಚ್‌ಒನಲ್ಲಿ ಒಂದು ಹಳಿ ಮೇಲೆ ಇನ್ನೊಂದು ಹಾಯಬೇಕಾದ್ರೆ ಸುಮಾರು 75 ಮಿ.ಮೀ. ಎತ್ತರ ಬೇಕು. 50ಕ್ಕೆ 1ರ ಏರಿನಲ್ಲಿ ಅಷ್ಟು ಹತ್ತೋಕೆ 3.75 ಮೀಟರ್ ಹಳಿ, ಇಳಿಯೋಕೆ ಅಷ್ಟೇ, ಒಟ್ಟು ಏಳೂವರೆ ಮೀಟರ್. ನಿಮ್ಮ 6 ಅಡಿ 4 ಅಡಿ ಹಲಗೆ ಮೇಲೆ ಒಂದು ಸುತ್ತೇ ನಾಲ್ಕೂವರೆ ಮೀಟರ್. ಹಾಗಾಗಿ ಏರನ್ನ 25ಕ್ಕೆ 1 ಮಾಡ್ತೀರಿ. ತಿರುವಿನ ಎಳೆತ ಬೇರೆ ಸೇರುತ್ತೆ. ಮೂರು ಬೋಗಿ ಎಳೆಯೋಷ್ಟರಲ್ಲಿ ಇಂಜಿನ್ ಚಕ್ರ ನಿಂತಲ್ಲೇ ತಿರುಗುತ್ತೆ.

ಹಳಿ ಸಮತಟ್ಟಾಗಿರಲಿ, ನೆಲವನ್ನ ಕೆಳಗೆ ಇಳಿಸಿ. ಶೆಲ್ಫಲ್ಲಿ ಎರಡಡಿ ಉದ್ದದ ಒಂದು ತುಂಡನ್ನ ಏಳು ಇಂಚು ತಗ್ಗಿಸಿ ಕೂರಿಸಿ, ಹಳಿ ಮಾತ್ರ ಸೇತುವೆ ಮೇಲೆ ನೇರ ಹೋಗಲಿ. ಎಡಕ್ಕೊಂದು ಸುರಂಗ, ಬಲಕ್ಕೊಂದು ಸುರಂಗ, ನಡುವೆ ಕಣಿವೆ. ಒಂದಡಿ ಅಗಲ ಧಾರಾಳ ಸಾಕು. ನಿಜವಾದ ಘಾಟಲ್ಲೂ ಹಳಿಯ ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಪ್ರಪಾತ ತಾನೆ? ಅಗಲ ಅಲ್ಲೆಲ್ಲಿದೆ?

ಬಾಳ್ಳುಪೇಟೆ ಮೊಮ್ಮಗ

ಸರ್, ಓದ್ತಾ ಓದ್ತಾ ಕೋಣೆ ಗೋಡೆ ಮೇಲೇ ಕಣ್ಣು ಹೋಯ್ತು. ಏಳು ಇಂಚು ಅಂದ್ರೆ ಎಚ್‌ಒಗಿಂತ ಸಣ್ಣ ಅಳತೆಯಾದ ಎನ್ ಸ್ಕೇಲಲ್ಲಿ 28 ಮೀಟರ್ ಆಳ! ಆದ್ರೆ ನನ್ನ ಹತ್ರ ಇರೋದು ಎಚ್‌ಒ. ಯಾವುದು ಇಟ್ಟುಕೊಳ್ಳಲಿ?

ಕಡೂರು ಲೈನ್

ಇದನ್ನ ಅಳತೆ ಹಿಡಿದು ನೋಡಬೇಕು, ಇಷ್ಟಾನಿಷ್ಟದ ಮಾತಲ್ಲ. ಎಚ್‌ಒ ಅಂದ್ರೆ 87ರಲ್ಲಿ 1, ಹಳಿ ಅಗಲ 16.5 ಮಿ.ಮೀ. ಎನ್ ಅಂದ್ರೆ 160ರಲ್ಲಿ 1, ಹಳಿ ಅಗಲ 9 ಮಿ.ಮೀ.

ನಮ್ಮ ಹಳೇ ನೀಲಿ ಐಸಿಎಫ್ ಬೋಗಿ ಬಫರ್ ಸೇರಿ 22.3 ಮೀಟರ್. ಎಚ್‌ಒನಲ್ಲಿ 256 ಮಿ.ಮೀ., ಎನ್‌ನಲ್ಲಿ 139. ಗೂಡ್ಸ್ ಎಳೆಯೋ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ ಎಚ್‌ಒನಲ್ಲಿ 244, ಎನ್‌ನಲ್ಲಿ 133. ಇಂಜಿನ್ ಜೊತೆ ಐದು ಬೋಗಿ ಅಂದ್ರೆ ಎಚ್‌ಒನಲ್ಲಿ ಐದು ಅಡಿ ಗಾಡಿ, ಎನ್‌ನಲ್ಲಿ 83 ಸೆಂ.ಮೀ., ಮೂರಡಿಗೂ ಕಡಿಮೆ. ಗಾಡಿ ಸುರಂಗದೊಳಗೆ ಪೂರ್ತಿ ಮಾಯ ಆಗಬೇಕು ಅಂದ್ರೆ ಗಾಡಿಯಷ್ಟೇ ಉದ್ದದ ಜಾಗ ಕಾಣದ ಹಾಗೆ ಮುಚ್ಚಿಡಬೇಕು. ಹತ್ತು ಅಡಿ ಗೋಡೇಲಿ ಐದು ಅಡಿ ಮುಚ್ಚಿಟ್ಟರೆ ಉಳಿಯೋದೇನು? ಎನ್ ಆದ್ರೆ ಮೂರಡಿ ಮುಚ್ಚಿ ಏಳಡಿ ನೋಟಕ್ಕೆ ಬಿಡಬಹುದು.

ತಿರುವಿನ ಮಾತೂ ಇದೆ. ಬ್ರಾಡ್ ಗೇಜಲ್ಲಿ 10 ಡಿಗ್ರಿ ತಿರುವು ಅಂದ್ರೆ 175 ಮೀಟರ್ ತ್ರಿಜ್ಯ, ಅದಕ್ಕಿಂತ ಬಿಗಿ ಮಾಡಲ್ಲ. ಎನ್‌ಗೆ ಇಳಿಸಿದ್ರೂ ಅದು 1.1 ಮೀಟರ್. ಮನೇಲಿ ನಾವು ಹಾಕೋದು 28 ಸೆಂ.ಮೀ., 38 ಸೆಂ.ಮೀ. ಅಂದ್ರೆ ನಾವು ಹಾಕೋ ಪ್ರತಿ ತಿರುವೂ ಸುಳ್ಳು ತಿರುವು. ಸುಳ್ಳನ್ನ ಬೆಟ್ಟದೊಳಗೆ ಇಡಿ, ನೇರ ಹಳಿ, ಉದಾರವಾದ ತಿರುವು ಮಾತ್ರ ಹೊರಗೆ ಕಾಣಲಿ.

ಒಂದು ವಿಷಯ ಮೊದಲೇ ತಿಳಿದಿರಲಿ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಎನ್ ಲೆಕ್ಕಕ್ಕೆ ಹಳಿ 10.5 ಮಿ.ಮೀ. ಇರಬೇಕಿತ್ತು, ಅಂಗಡೀಲಿ ಸಿಗೋದು 9. ಪಕ್ಕದಿಂದ ನೋಡುವಾಗ ಗೊತ್ತಾಗಲ್ಲ, ಎದುರಿಂದ ನೋಡಿದ್ರೆ ಬೋಗಿ ಸ್ವಲ್ಪ ಕಿರಿದಾದ ಹಳಿ ಮೇಲೆ ನಿಂತ ಹಾಗೆ ಕಾಣುತ್ತೆ. ನನಗಂತೂ ಅದಕ್ಕೋಸ್ಕರ ಕೈಯಾರೆ ಹಳಿ ಕಟ್ಟೋ ತಾಳ್ಮೆ ಬರಲಿಲ್ಲ.

ಜರ್ಮನಿ ಸೆಟ್ ಮಾರಬೇಡಿ. ಮಗಳಿಗೆ ನೆಲದ ಮೇಲೆ ಹಾಕಿಕೊಡಿ, ಅದು ಅವಳ ರೈಲಾಗಲಿ.

ಬಾಳ್ಳುಪೇಟೆ ಮೊಮ್ಮಗ

ರಾತ್ರಿ ಕೂತು ಹೀಗೆ ಬರೆದೆ. ದಕ್ಷಿಣದ ಗೋಡೆಗೆ ಪೂರ್ತಿ 10 ಅಡಿ, ಮೂಲೆ ತಿರುಗಿ ಪೂರ್ವದ ಗೋಡೆಗೆ 7 ಅಡಿ, ಬಾಗಿಲಿಗೆ ಒಂದಡಿ ಮುಂಚೆ ನಿಲ್ಲುತ್ತೆ. ಅಗಲ ಒಂದಡಿ. ನೆಲದಿಂದ ಎತ್ತರ 5 ಅಡಿ, ಮಂಚದ ಮೇಲೆ ಎದ್ದು ಕೂತರೂ ತಲೆಗೆ ತಾಗಲ್ಲ, ಅಳೆದು ನೋಡಿದೆ.

ಪಶ್ಚಿಮದ ತುದಿ, ಅಂದ್ರೆ ಮಂಚದ ಮೇಲಿನ ಮೂರಡಿ, ಮುಚ್ಚಿದ ಭಾಗ. ಅದು ಸುಬ್ರಹ್ಮಣ್ಯದ ಕಡೆ. ಒಳಗೆ ಎರಡು ಲೈನ್. ಆಮೇಲೆ ಗುಡ್ಡ ಕೊರೆದ ದಾರಿ, ಸಣ್ಣ ಸುರಂಗ, ಕಣಿವೆ ಮೇಲೆ ಸೇತುವೆ. ಕಣಿವೆ ಮಂಚದಾಚೆ ಓಡಾಡೋ ಕಡೆ ಬರುತ್ತೆ, ಹಾಗಾಗಿ ತಗ್ಗಿಸಿದ್ರೂ ತೊಂದರೆ ಇಲ್ಲ. ಮೂಲೆಯ 38 ಸೆಂ.ಮೀ. ತಿರುವು ಪೂರ್ತಿ ಬೆಟ್ಟದೊಳಗೆ. ಆಚೆ ಬಂದ್ರೆ ಪೂರ್ವದ ಗೋಡೇಲಿ ಘಾಟ್ ನಡುವಿನ ಎಡಕುಮಾರಿ ಸ್ಟೇಷನ್, ಒಂದು ಪ್ಲಾಟ್‌ಫಾರಂ, ಒಂದು ಲೂಪ್ (ಗಾಡಿ ಪಕ್ಕಕ್ಕೆ ನಿಲ್ಲಿಸೋ ಲೈನ್).

ಎತ್ತರ 5 ಅಡಿ ಆಗಿರೋದ್ರಿಂದ ಸೇತುವೆ ಸರಿಯಾಗಿ ಕಣ್ಣ ಮಟ್ಟಕ್ಕೆ ಬರುತ್ತೆ. ಮಗಳಿಗೆ ಸ್ಟೂಲು. ಒಂದೇ ಅನುಮಾನ: ಸುತ್ತು ಇಲ್ಲ. ಆ ತುದಿಯಿಂದ ಈ ತುದಿಗೆ ಹೋಗಿ ನಿಂತುಬಿಡುತ್ತಲ್ಲ?

ಉಳಿ ಸುತ್ತಿಗೆ (ಬೇಲೂರು)

ರೈಲಿನ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಮರಗೆಲಸ ನಮ್ಮ ಮನೆತನದ ಕಸುಬು. ಮಲಗೋ ಜಾಗದ ಮೇಲೆ ಶೆಲ್ಫ್ ಅಂತ ಓದಿ ಬರೀತಿದೀನಿ.

ಪ್ಲೈ ತಗೊಳ್ಳುವಾಗ ಐಎಸ್ 710 ಅಂತ ಮುದ್ರೆ ಇರೋದು ಕೇಳಿ, ನೀರಿಗೆ ತಡೆಯೋದು ಅದು. 12 ಮಿ.ಮೀ. ಸಾಕು. ನಿಮ್ಮ ಲೆಕ್ಕಕ್ಕೆ ಹದಿನಾರು ಚದರಡಿ, ಎಂಟು-ನಾಲ್ಕರ ಅರ್ಧ ಶೀಟ್. ಎಂಟಡಿಗಿಂತ ಉದ್ದ ಬರಲ್ಲ, ಹೇಗಿದ್ರೂ ಒಂದು ಜೋಡಣೆ ಬೇಕು. ಆ ಜೋಡಣೆ ಕಣಿವೆ ಬರೋ ಕಡೇನೇ ಬರೋ ಹಾಗೆ ಕತ್ತರಿಸಿ. ಕೊಯ್ದ ಅಂಚು, ಹಿಂಬದಿ, ತೂತು ಕೊರೆದ ಒಳಮೈ ಎಲ್ಲಕ್ಕೂ ಎರಡು ಕೋಟ್ ಪ್ರೈಮರ್. ಮೇಲ್ಮೈಗೆ ಮಾತ್ರ ಬಣ್ಣ ಹೊಡೆದ್ರೆ ಒಂದು ಕಡೆ ತೇವ ಕುಡಿದು ಹಲಗೆ ಬಿಲ್ಲಿನ ಹಾಗೆ ಬಾಗುತ್ತೆ.

ಬ್ರ್ಯಾಕೆಟ್ ಎರಡಡಿಗೆ ಒಂದು, ಮಂಚದ ಮೇಲೆ ಒಂದೂವರೆ ಅಡಿಗೆ ಒಂದು. ಗಿಲಾವಿಗೆ ಮಾತ್ರ ಕಚ್ಚಿಕೊಂಡ ಸ್ಕ್ರೂ ನಂಬಬೇಡಿ, ಇಟ್ಟಿಗೆಯೊಳಗೆ ಹೋಗೋ ಆ್ಯಂಕರ್ ಬೋಲ್ಟ್ ಹಾಕಿ. ಬಾಡಿಗೆ ಮನೆ ಅಂತೀರಿ, ಮಾಲೀಕರಿಗೆ ಮೊದಲೇ ಒಂದು ಮಾತು ಹೇಳಿ. ಶೆಲ್ಫ್ ಮುಂದಿನ ಅಂಚಿಗೆ ಎರಡು ಇಂಚು ಪಟ್ಟಿ ಮೇಲಕ್ಕೆ ಎದ್ದಿರಲಿ, ಹಳಿ ತಪ್ಪಿದ ಇಂಜಿನ್ ದಿಂಬಿನ ಮೇಲೆ ಬೀಳಬಾರದು. ಸೇತುವೆ ಹತ್ರ ಪಟ್ಟಿ ಅಡ್ಡ ಬಂದ್ರೆ ಅಲ್ಲಿಗೆ ಅಕ್ರಿಲಿಕ್ ಹಾಳೆ.

ಸರ್ಕ್ಯೂಟ್ (ಹಾಸನ)

ಅಣ್ಣ, ಸುತ್ತಿಲ್ಲ ಅಂತ ಚಿಂತೆ ಬೇಡ. ಎರಡು ಡಯೋಡ್ ಸಾಕು.

ಹಳಿಗೆ ಕೊಡೋದು 12 ವೋಲ್ಟ್ ಡಿಸಿ. ಪ್ಲಸ್-ಮೈನಸ್ ಅದಲು ಬದಲಾದ್ರೆ ಇಂಜಿನ್ ಹಿಂದಕ್ಕೆ ಹೋಗುತ್ತೆ, ಅಲ್ವಾ? ಎರಡೂ ತುದೀಲಿ ಇಂಜಿನ್‌ಗಿಂತ ಸ್ವಲ್ಪ ಉದ್ದದಷ್ಟು ಜಾಗದಲ್ಲಿ ಒಂದು ಪಕ್ಕದ ಹಳಿಯನ್ನ ಕತ್ತರಿಸಿ ಸೀಳು ಬಿಡಿ. ಆ ಸೀಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಬೆಸುಗೆ ಹಾಕಿ. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡೋದ್ರಿಂದ, ಮುಂದೆ ಹೋಗ್ತಿರೋ ಇಂಜಿನ್ ಸೀಳು ದಾಟಿದ ಕೂಡಲೇ ತಾನಾಗೇ ನಿಲ್ಲುತ್ತೆ. ದಿಕ್ಕು ಬದಲಾಯಿಸಿದಾಗ ಅದೇ ಡಯೋಡ್ ಕರೆಂಟ್ ಬಿಡುತ್ತೆ, ಇಂಜಿನ್ ವಾಪಸ್ ಹೊರಡುತ್ತೆ. ಈ ಬದಲಾವಣೆಗೆ ಒಂದು ಟೈಮರ್, ಒಂದು ರಿಲೇ (ಕರೆಂಟಿಂದ ತಾನೇ ಬದಲಾಗೋ ಸ್ವಿಚ್). ಅರ್ಧ ನಿಮಿಷ ಸುರಂಗದಲ್ಲಿ ನಿಂತು ತಾನೇ ಹೊರಗೆ ಬರುತ್ತೆ. ಮಗು ಮಂಚದ ಮೇಲೆ ಮಲಗಿಕೊಂಡೇ ನೋಡಬಹುದು. ಡಿಸಿಸಿ (ಡಿಜಿಟಲ್ ನಿಯಂತ್ರಣ) ಈಗಲೇ ಬೇಡ, ದುಡ್ಡು ಉಳಿಯುತ್ತೆ.

ವೈರಿಂಗ್ ಬಗ್ಗೆ ಒಂದೇ ಮಾತು. ಹಳಿ ತುಂಡುಗಳನ್ನ ಸೇರಿಸೋ ಫಿಶ್ ಪ್ಲೇಟನ್ನ ನಂಬಿ ಕರೆಂಟ್ ಕಳಿಸಬೇಡಿ. ತೇವಕ್ಕೆ ಆರು ತಿಂಗಳಲ್ಲಿ ಕಪ್ಪಾಗುತ್ತೆ, ಗಾಡಿ ಅಲ್ಲಲ್ಲಿ ತಡವರಿಸುತ್ತೆ. ಹಲಗೆ ಕೆಳಗೆ ಎರಡು ದಪ್ಪ ವೈರ್ ಉದ್ದಕ್ಕೂ ಎಳೆದು, ಪ್ರತಿ ತುಂಡು ಹಳಿಗೂ ಸಣ್ಣ ವೈರಿನ ಬೆಸುಗೆ ಕೊಡಿ.

ವೈಡಿಎಂ4

ಈ ಹುಡುಗ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಗಾಡಿ ಹಿಂದಕ್ಕೆ ಬರುವಾಗ ಇಂಜಿನ್ ಹಿಂದೆ ಉಳಿದು ಬೋಗಿಗಳನ್ನ ತಳ್ಳಿಕೊಂಡು ಬಂದ ಹಾಗೆ ಕಾಣುತ್ತೆ ಅಂತ ಬೇಸರ ಆಗಬಹುದು. ನಮ್ಮ ಘಾಟಲ್ಲಿ ಅದಕ್ಕೆ ಉತ್ತರ ಇದೆ. ಏರು ಹತ್ತೋ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಇಂಜಿನ್ ಕಟ್ತಾರೆ. ಹಾಗಾಗಿ ನಿಮ್ಮ ಗಾಡಿಗೂ ಮುಂದೊಂದು ಹಿಂದೊಂದು ಇಂಜಿನ್ ಇರಲಿ. ಹಿಂದಿನದಕ್ಕೆ ಮೋಟಾರ್ ಬೇಕಿಲ್ಲ, ಸುಮ್ಮನೆ ಉರುಳಿದ್ರೆ ಸಾಕು. ಎರಡು ಇಂಜಿನ್, ಆರು ಮುಚ್ಚಿದ ವ್ಯಾಗನ್ ಅಂದ್ರೆ ಎನ್‌ನಲ್ಲಿ 84 ಸೆಂ.ಮೀ., ನಿಮ್ಮ ಮೂರಡಿಯೊಳಗೆ ಕೂರುತ್ತೆ.

ಡಬ್ಲ್ಯುಡಿಜಿ-4ರ ಮೂಲ ಅಮೆರಿಕದ ಇಎಂಡಿ ಕಂಪನಿಯ ಜಿಟಿ46ಮ್ಯಾಕ್. ಎನ್‌ನಲ್ಲಿ ನಮ್ಮ ಇಂಜಿನ್ ಸಿಗದಿದ್ರೆ ಅದೇ ವಂಶದ ಅಮೆರಿಕನ್ ಇಂಜಿನ್ ತಗೊಂಡು ಬಣ್ಣ ಬದಲಾಯಿಸಿ, ಕ್ಯಾಬ್ ತಿದ್ದಿ.

ನನ್ನ ಸ್ವಂತ ಆಸೆ ಹೇಳಿಬಿಡ್ತೀನಿ: ಮೀಟರ್ ಗೇಜ್ ಮಾಡಿ. ಒಂದು ಮೀಟರನ್ನ 160ರಿಂದ ಭಾಗಿಸಿದ್ರೆ 6.25 ಮಿ.ಮೀ., ಎನ್‌ಗಿಂತ ಸಣ್ಣದಾದ ಝಡ್ ಸ್ಕೇಲಿನ 6.5 ಮಿ.ಮೀ. ಹಳಿ ಹೆಚ್ಚು ಕಡಿಮೆ ಸರಿ ಹೊಂದುತ್ತೆ. ಮೈ ಎನ್‌ದು, ಕಾಲು ಝಡ್‌ದು. ಮೊದಲ ಲೇಔಟಿಗೆ ಇದು ಕಷ್ಟ, ಒಪ್ತೀನಿ. ಆದ್ರೆ ಆ ಗಾಡಿ ಮತ್ತೆ ಓಡೋದನ್ನ ಎಲ್ಲಾದರೂ ನೋಡಬೇಕು ಅಂದ್ರೆ ಇನ್ನು ಮನೇಲೇ ನೋಡಬೇಕು.

ಸಿಲ್ವರ್ ಓಕ್ (ಮೂಡಿಗೆರೆ)

ಹಳಿ, ಕರೆಂಟ್, ಹಲಗೆ ಎಲ್ಲ ಆಯ್ತು. ಗಾಡಿ ಓಡೋದು ಯಾವ ತಿಂಗಳಲ್ಲಿ?

ಈ ಪ್ರಶ್ನೆ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಕಡೆ ಮಾರ್ಚ್‌ಗೂ ಜುಲೈಗೂ ಊರೇ ಬೇರೆ. ಜುಲೈ ಆದ್ರೆ ಗುಡ್ಡದ ಮಣ್ಣು ಕಡು ಕೆಂಪು, ಸುರಂಗದ ಬಾಯಿ ಕಲ್ಲಿನ ಮೇಲೆ ಕಪ್ಪು-ಹಸಿರು ಪಾಚಿ, ಸೇತುವೆ ಪಕ್ಕ ನೀರು ಧುಮುಕಬೇಕು, ಹಿಂದಿನ ಗೋಡೇಲಿ ಆಕಾಶವೇ ಕಾಣಬಾರದು, ಮಂಜು. ಮಾರ್ಚ್ ಆದ್ರೆ ಹುಲ್ಲು ಒಣಗಿದ ಹಳದಿ, ಹೊಳೇಲಿ ಬಂಡೆ ಜಾಸ್ತಿ ನೀರು ಕಡಿಮೆ, ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ. ಎರಡನ್ನೂ ಬೆರೆಸಿದ್ರೆ ಯಾವ ಊರೂ ಆಗಲ್ಲ.

ಮರದ ಅಳತೆ ಮರೀಬೇಡಿ. ಅರೇಬಿಕಾ ಗಿಡವನ್ನ ಆಳೆತ್ತರಕ್ಕೆ ಚಿವುಟಿ ನಿಲ್ಲಿಸಿರ್ತೀವಿ, ಎನ್‌ನಲ್ಲಿ ಅದು ಒಂದು ಸೆಂಟಿಮೀಟರ್. ಸಿಲ್ವರ್ ಓಕ್ 20-25 ಮೀಟರ್, ಅಂದ್ರೆ 12ರಿಂದ 15 ಸೆಂ.ಮೀ. ಸುಮಾರು ಜನ ಮರಗಳನ್ನ ಬೆರಳುದ್ದ ಮಾಡಿ ನಿಲ್ಲಿಸ್ತಾರೆ, ತೋಟ ಹೂದೋಟದ ಹಾಗೆ ಕಾಣುತ್ತೆ. ಎತ್ತರದ ಮರ ಹಿಂದಿನ ಸಾಲಿಗೆ ಹಾಕಿ, ಗೋಡೆಗೂ ಹಲಗೆಗೂ ಸೇರೋ ಗೆರೆ ಅದರ ಹಿಂದೆ ಮುಚ್ಚಿಹೋಗುತ್ತೆ. ಕಾಂಡಕ್ಕೆ ಹಳೇ ವೈರಿನ ತಾಮ್ರದ ಎಳೆ ಹೊಸೆದು ಕೊಂಬೆ ಬಿಡಿಸಿ. ಎಲೆಗೆ ಸ್ಪಂಜನ್ನ ಹಳೇ ಮಿಕ್ಸಿ ಜಾರಲ್ಲಿ ಪುಡಿ ಮಾಡಿ ಬಣ್ಣ ಕಲಸಿ. ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸೋದು ಮರೆತ್ರೆ ಅದು ನಮ್ಮ ತೋಟ ಅಲ್ಲ.

ಹಳಿ ಕೆಳಗಿನ ಜಲ್ಲಿಗೆ ಕೆಲವರು ರಾಗಿ ಹಾಕ್ತಾರೆ. ರಾಗಿ ಕಾಳು ಒಂದೂವರೆ ಮಿ.ಮೀ., 160ರಿಂದ ಗುಣಿಸಿದ್ರೆ 24 ಸೆಂ.ಮೀ. ಬಂಡೆ! ಚಿರೋಟಿ ರವೆ ಅಳತೆಗೆ ಸರಿ, ಆದ್ರೆ ಅಂಟು ಹಾಕಿದಾಗ ಊದುತ್ತೆ, ಇರುವೆ ಬಿಡಲ್ಲ. ನಾನು ಮಾಡೋದು ಹೀಗೆ: ಜಲ್ಲಿ ಕ್ರಷರಿನ ಪುಡಿ ಒಂದು ಬೊಗಸೆ ತಂದು, ತೊಳೆದು ಒಣಗಿಸಿ, ಟೀ ಸೋಸೋ ಜಾಲರೀಲಿ ಜರಡಿ ಹಿಡೀತೀನಿ. ಕೆಳಗೆ ಬಿದ್ದದ್ದನ್ನ ಮತ್ತೆ ತೆಳು ಬಟ್ಟೇಲಿ ಹಾಕಿ ತೂರಿ ಧೂಳು ಕಳೀತೀನಿ. ಕೊನೆಗೆ ಆ ಪುಡಿ ಮೇಲೆ ಅಯಸ್ಕಾಂತ ಆಡಿಸಬೇಕು. ಮೊದಲ ಸಲ ಆಡಿಸಿದಾಗ ತುದಿಗೆ ಕಪ್ಪು ಮೀಸೆ ಹಾಗೆ ಕಬ್ಬಿಣದ ಚೂರು ನಿಂತಿತ್ತು. ಅದು ಹಾಗೇ ಉಳಿದಿದ್ರೆ ಇಂಜಿನ್ ಮೋಟಾರಿನೊಳಗೆ ಹೋಗ್ತಿತ್ತು. ಆಮೇಲೆ ಕುಂಚದಲ್ಲಿ ಸ್ಲೀಪರ್ ನಡುವೆ ಹರಡಿ, ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಪಾತ್ರೆ ತೊಳೆಯೋ ಸೋಪಿನ ಒಂದು ಹನಿ ಹಾಕಿ, ಇಂಕ್ ಫಿಲ್ಲರಲ್ಲಿ ತೊಟ್ಟು ತೊಟ್ಟಾಗಿ ಬಿಡಿ. ಸೋಪಿನ ಹನಿ ಇಲ್ಲದಿದ್ರೆ ಅಂಟು ಮೇಲೇ ಗುಳ್ಳೆಯಾಗಿ ಕೂರುತ್ತೆ, ಜಲ್ಲಿ ಅದಕ್ಕೆ ಅಂಟಿ ಉಂಡೆ ಕಟ್ಟುತ್ತೆ.

ಕಾಫಿ ಚರಟ ನೆಲಕ್ಕೆ ಚೆನ್ನಾಗಿ ಕಾಣುತ್ತೆ, ಆದ್ರೆ ಬಾಣಲೇಲಿ ಗರಿಗರಿ ಹುರಿದು ತೇವ ಪೂರ್ತಿ ತೆಗೆದೇ ಹಾಕಿ. ಹಸಿ ಚರಟ ಹಾಕಿದ ನನ್ನ ಮೊದಲ ತೋಟಕ್ಕೆ ಜುಲೈನಲ್ಲಿ ಬಿಳಿ ಬೂಷ್ಟು ಬಂತು.

ಮತ್ತೆ, ಫೋಟೋ ಬೇಕು ಅಂತ ಯಾರೂ ಎಡಕುಮಾರಿ ಕಡೆ ಹಳಿ ಮೇಲೆ ನಡೆದು ಹೋಗಬೇಡಿ. ಅದು ಕಾನೂನಿಗೆ ವಿರುದ್ಧ, ಸುರಂಗದೊಳಗೆ ಗಾಡಿ ಬಂದ್ರೆ ಸರಿಯೋಕೆ ಜಾಗ ಇರಲ್ಲ. ಹಗಲು ಗಾಡೀಲಿ ಟಿಕೆಟ್ ತಗೊಂಡು ಹೋಗಿ, 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗೀನೂ ಇದೆ.

ಕಡೂರು ಲೈನ್

ಮೇಡಂ ಹೇಳಿದ ಅಯಸ್ಕಾಂತದ ಮಾತು ನನಗೂ ಹೊಸದು, ಇವತ್ತೇ ನೋಡ್ತೀನಿ.

ಮೊಮ್ಮಗನಿಗೆ ಇನ್ನೊಂದು ಮಾತು. ಗಾಡಿ ಹೋಗಿ ಬರೋದನ್ನ ನೋಡ್ತಾ ಆರು ತಿಂಗಳು ಖುಷಿಯಾಗಿರುತ್ತೆ. ಆಮೇಲೆ ಕೈಗೆ ಕೆಲಸ ಬೇಕು ಅನ್ನಿಸುತ್ತೆ. ದೊಡ್ಡ ಹಲಗೆ ಬಿಚ್ಚಿದ ಮೇಲೆ ನಾನು ಪುಸ್ತಕದ ಕಪಾಟಿನ ಮೇಲೆ ಕಟ್ಟಿದ್ದು ಇಂಗ್ಲೆಂಡಿನ ಆ್ಯಲನ್ ರೈಟ್ ಅವರು ರೂಪಿಸಿದ ಇಂಗಲ್‌ನೂಕ್ ಶಂಟಿಂಗ್ ಯಾರ್ಡ್. ಹಳಿ ಕವಲೊಡೆಯೋ ಪಾಯಿಂಟ್ ಎರಡು, ವ್ಯಾಗನ್ ನಿಲ್ಲಿಸೋ ಸೈಡಿಂಗ್ ಮೂರು: ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತೆ, ಉಳಿದೆರಡರಲ್ಲಿ ಮೂರು ಮೂರು. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದನ್ನ ಆರಿಸಿ, ಚೀಟಿ ಬಂದ ಕ್ರಮದಲ್ಲೇ ಜೋಡಿಸಬೇಕು. 6,720 ಬೇರೆ ಬೇರೆ ಗಾಡಿ ಸಾಧ್ಯ. ಎಚ್‌ಒನಲ್ಲಿ ನಾಲ್ಕು ಚಕ್ರದ ಗಿಡ್ಡ ವ್ಯಾಗನ್ ಹಾಕಿದ್ರೆ ನಾಲ್ಕು ಮುಕ್ಕಾಲು ಅಡೀಲಿ ಮುಗಿಯುತ್ತೆ. ನಿಮ್ಮ ಜರ್ಮನಿ ಸೆಟ್ಟಿಗೆ ಎರಡು ಪಾಯಿಂಟ್, ಐದು ವ್ಯಾಗನ್ ಸೇರಿಸಿದ್ರೆ ಮಗಳೂ ನೀವೂ ಆಡಬಹುದು.

ಹಳಿ ಕೂರಿಸುವಾಗ ಜೋಡಣೇಲಿ ಪೋಸ್ಟ್ ಕಾರ್ಡ್ ದಪ್ಪದಷ್ಟು ಸಂದು ಬಿಡಿ. ಮಳೆಗಾಲದಲ್ಲಿ ಹಿಗ್ಗಿದ ಹಲಗೆ ಬೇಸಿಗೇಲಿ ಕುಗ್ಗುತ್ತೆ, ಸಂದಿಲ್ಲದ ಹಳಿ ಹಾವಿನ ಹಾಗೆ ಸೊಟ್ಟಗಾಗುತ್ತೆ.

ಬಾಳ್ಳುಪೇಟೆ ಮೊಮ್ಮಗ

ಐದು ವಾರ ಆಯ್ತು, ಏನಾಯ್ತು ಅಂತ ಹೇಳಬೇಕು.

ಪ್ಲೈ ಕೊಯ್ಸೋಕೆ ಮುಂಚೆ ಖಾಕಿ ಕಾಗದ ತಂದು ಒಂದಡಿ ಅಗಲದ ಪಟ್ಟಿ ಕತ್ತರಿಸಿ, ಐದು ಅಡಿ ಎತ್ತರಕ್ಕೆ ಗೋಡೆ ಮೇಲೆ ಅಂಟಿಸಿ ಹದಿನೈದು ದಿನ ಬಿಟ್ಟೆ. ಕಣಿವೆ ಜಾಗದಲ್ಲಿ ರಟ್ಟಿನ ಡಬ್ಬ ನೇತು ಹಾಕಿದೆ. ಬೆಳಗ್ಗೆ ಹಾಸಿಗೆ ಝಾಡಿಸುವಾಗ ಮನೆಯವಳ ಕೈಗೆ ಎಲ್ಲಿ ತಾಗುತ್ತೆ ಅಂತ ಗೊತ್ತಾಯ್ತು. ಅದಕ್ಕೆ ಮಂಚದ ಮೇಲಿನ ಮೂರಡಿ ಭಾಗದ ಅಗಲವನ್ನ ಹತ್ತು ಇಂಚಿಗೆ ಇಳಿಸಿದೆ. ಒಳಗೆ ಎರಡೇ ಲೈನ್ ಇರೋದು, ಸಾಕು.

ಈಗ ಬ್ರ್ಯಾಕೆಟ್ ಕೂತಿದೆ, ಪ್ಲೈ ಕೂತಿದೆ, ಎಲ್ಲ ಮೈಗೂ ಪ್ರೈಮರ್ ಆಗಿದೆ. ದುಡ್ಡಲ್ಲಿ ಹಳಿ, ಎರಡು ಪಾಯಿಂಟ್, ಒಂದು ಇಂಜಿನ್, ಎರಡು ಬೋಗಿ ಬಂತು. ಬ್ಯಾಂಕರ್ ಮುಂದಿನ ವರ್ಷಕ್ಕೆ. ಡಯೋಡ್ ಒಂದು ತುದೀಲಿ ಹಾಕಿದೀನಿ, ಹೇಳಿದ ಹಾಗೇ ನಿಲ್ಲುತ್ತೆ. ತಿಂಗಳು ಯಾವುದು ಅಂತ ಮಗಳನ್ನ ಕೇಳಿದೆ. ಕಾಫಿ ಹೂವಿನ ತಿಂಗಳು ಅಂದ್ಲು. ಮಾರ್ಚ್ ಅಂತ ಬರೆದು ಗೋಡೆಗೆ ಅಂಟಿಸಿದೀವಿ. ವೈಡಿಎಂ4 ಸರ್, ಎರಡನೇ ಲೈನಿನ ಜಾಗ ಮೀಟರ್ ಗೇಜಿಗೆ ಅಂತಾನೇ ಖಾಲಿ ಬಿಟ್ಟಿದೀನಿ. ಒಂದು ಭಾನುವಾರ ಮನೆಗೆ ಬರಬೇಕು ನೀವು.

ನಿನ್ನೆ ರಾತ್ರಿ ರಟ್ಟಿನ ಸುರಂಗದ ಬಾಯಿ ನಿಲ್ಲಿಸಿ ಮೊದಲ ಸಲ ಗಾಡಿ ಬಿಟ್ಟೆ. ಇಂಜಿನ್ ಹೋಯ್ತು, ಮೊದಲ ಬೋಗಿ ಮಧ್ಯಕ್ಕೆ ಬಂದಾಗ ಕರ್ ಅಂತ ಸದ್ದು. ಮೂಲೆ ತಿರುವು ಅಲ್ಲೇ ಶುರುವಾಗೋದ್ರಿಂದ ಬೋಗಿಯ ಹೊಟ್ಟೆ ಒಳಗಡೆಗೆ ಸರಿದು ರಟ್ಟಿಗೆ ಉಜ್ಜುತ್ತಿತ್ತು. ಮಗಳು ಸ್ಟೂಲಿನ ಮೇಲೆ ನಿಂತು ಟಾರ್ಚ್ ಹಿಡಿದಳು, ಉಜ್ಜಿದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದು ನಾಲ್ಕು ಮಿ.ಮೀ. ಕತ್ತರಿಸಿದೆ. ಈಗ ಒಳಗೆ ಹೋಗಿ ಆಚೆ ಬರುತ್ತೆ.